ಮಾತಾಡುವ ಪೆಟ್ಟಿಗೆಗೆ ಬಾಡಿಗೆ ದಂಡವೇ?

ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಗಲ್ಲಾ ಪಕ್ಕ ಪುಟ್ಟ ಪೆಟ್ಟಿಗೆ ಕೂತು, ಇಪ್ಪತ್ತು ಬಂತು, ಐವತ್ತು ಬಂತು ಅಂತ ಕೂಗ್ತಾನೇ ಇರುತ್ತೆ. ಕೆಲವು ಕಡೆಯಂತೂ ಮೂರು ಮೂರು ಪೆಟ್ಟಿಗೆ! ಈ ಕೂಗು ಪುಕ್ಕಟೆಯಲ್ಲ ಸ್ವಾಮಿ. ಸಾಮಾನ್ಯವಾಗಿ ತಿಂಗಳಿಗೆ ನೂರು ರೂಪಾಯಿ ಆಸುಪಾಸು ಬಾಡಿಗೆ. ಅದನ್ನೂ ಜಮೆಯಾಗುವ ಹಣದಲ್ಲೇ ಮುರಿದುಕೊಳ್ಳುವುದರಿಂದ ಹೋದದ್ದೇ ಗೊತ್ತಾಗೋಲ್ಲ.

ಯುಪಿಐ ಬಂದದ್ದು 2016ರಲ್ಲಿ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಯಿಂದ ಕಮಿಷನ್ ಕೀಳುವಂತಿಲ್ಲ ಎಂದಾದದ್ದು 2020ರ ಜನವರಿಯಿಂದ. ಒಳ್ಳೆಯದೇ ಆಯ್ತು. ಆದರೆ ಕಂಪನಿಯವರು ಧರ್ಮಛತ್ರ ಇಟ್ಟಿಲ್ಲವಲ್ಲ. ಕ್ಯೂಆರ್ ಚೀಟಿ ಪುಕ್ಕಟೆ ಅಂಟಿಸಿದರು, ಪೆಟ್ಟಿಗೆಗೆ ಬಾಡಿಗೆ ಹಾಕಿದರು.

ಹಣ ಬಂತೋ ಇಲ್ಲವೋ ಅಂತ ಮೊಬೈಲಿನಲ್ಲೇ ನೋಡಬಹುದಲ್ಲ ಅಂತೀರಾ? ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿ ನೋಡಿ. ಬಸ್ಸು ಹಾರ್ನ್ ಹೊಡೀತಿದೆ, ಹತ್ತು ಜನ ಒಟ್ಟಿಗೇ ಮೊಬೈಲ್ ತೋರಿಸಿ ಓಡ್ತಾರೆ. ಹಣ ಹೋದಂತೆ ತೋರಿಸುವ ನಕಲಿ ಆ್ಯಪ್‌ಗಳೂ ಇವೆ. ಹಾಲಿನ ಪಾತ್ರೆ ಹಿಡಿದವನು ಮೊಬೈಲ್ ನೋಡೋದು ಯಾವಾಗ? ಯಜಮಾನ ಊಟಕ್ಕೆ ಎದ್ದರೆ ಮೊಬೈಲೂ ಅವನ ಜೇಬಿನಲ್ಲೇ ಹೋಯ್ತು, ಗಲ್ಲಾದಲ್ಲಿ ಕೂತ ಹುಡುಗನ ಗತಿ ಏನು? ಓದು ಬಾರದ ಹೂವಿನ ಅಜ್ಜಿಗೆ ಕನ್ನಡದಲ್ಲಿ ಕೂಗುವ ಪೆಟ್ಟಿಗೆಯೇ ಗುಮಾಸ್ತ. ಇಂಥವರಿಗೆ ನೂರು ರೂಪಾಯಿ ಹೆಚ್ಚಲ್ಲ. ಇನ್ನೂರರ ಒಂದು ಮೋಸ ತಪ್ಪಿದರೆ ಎರಡು ತಿಂಗಳ ಬಾಡಿಗೆ ಹುಟ್ಟಿತು.

ಆದರೆ ದಿನಕ್ಕೆ ಏಳೆಂಟು ಗಿರಾಕಿ ಬರುವ ಟೈಲರ್‌ಗೆ ಇದು ಯಾಕೆ? ಗಿರಾಕಿ ಪರಿಚಯದವನು, ಮೊಬೈಲ್ ಎದುರಿಗೇ ಇದೆ. ವರ್ಷಕ್ಕೆ 1,200 ರೂಪಾಯಿ ಬರೀ ಶೋಕಿಗೆ ಕೊಟ್ಟಂತೆ. ಒಂದು ಚಹಾಕ್ಕೆ ಎರಡು ರೂಪಾಯಿ ಉಳಿಯಿತು ಅನ್ನಿ, ತಿಂಗಳ ಬಾಡಿಗೆ ತೀರಿಸಲು 50 ಚಹಾ ಮಾರಬೇಕು. ಲೆಕ್ಕ ಹಾಕದೆ ಪೆಟ್ಟಿಗೆ ಇಡಬೇಡಿ.

ಮೂರು ಪೆಟ್ಟಿಗೆಯಂತೂ ಶುದ್ಧ ದಂಡ. ಯಾವ ಯುಪಿಐ ಆ್ಯಪಿನವರಾದರೂ ಒಂದೇ ಕ್ಯೂಆರ್‌ಗೆ ಹಣ ಹಾಕಬಹುದು. ಒಂದು ಉಳಿಸಿಕೊಂಡು ಮಿಕ್ಕ ಚೀಟಿ ಕಿತ್ತುಹಾಕಿ. ಸ್ವಿಚ್ ಆರಿಸಿ ಮೂಲೆಗಿಟ್ಟರೆ ಬಾಡಿಗೆ ನಿಂತಿತು ಅಂತ ನಂಬಬೇಡಿ. ಪೆಟ್ಟಿಗೆ ವಾಪಸ್ ಕೊಟ್ಟು, ಬಾಡಿಗೆ ನಿಂತಿದೆ ಎಂದು ಬರಹದಲ್ಲಿ ತಗೊಳ್ಳಿ.

ಕಂಪನಿಯವರಿಗೂ ಒಂದು ಮಾತು. ಹತ್ತು ರೂಪಾಯಿ ಬಂದರೂ ಊರಿಗೆಲ್ಲ ಕೇಳುವ ಹಾಗೆ ಕೂಗುವ ಈ ಪೆಟ್ಟಿಗೆ, ನೂರು ರೂಪಾಯಿ ಮುರಿದುಕೊಳ್ಳುವ ದಿನ ಯಾಕೆ ಬಾಯಿ ಮುಚ್ಚಿಕೊಂಡಿರುತ್ತೆ? ಅದನ್ನೂ ಕೂಗಲಿ.