ಗೋಧಿ ಒಗ್ಗದವರಿಗೆ ಜೋಳದ ರೊಟ್ಟಿ

ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರುವುದಿಲ್ಲ. ಹೊಟ್ಟೆಯುಬ್ಬರ, ಆಗಾಗ ಭೇದಿ, ಆಯಾಸ, ಎಲುಬು ನೋವು. ಹೊಟ್ಟೆ ತುಂಬ ಉಂಡರೂ ಮೈ ಹಿಡಿಯುವುದಿಲ್ಲ. ದೊಡ್ಡವರಲ್ಲಿ ಇದಕ್ಕೆ ಸೀಲಿಯಾಕ್ ಕಾಯಿಲೆಯೂ ಒಂದು ಕಾರಣವಾಗಿರಬಹುದು. ಇದು ಮಕ್ಕಳಿಗೆ ಮಾತ್ರ ಬರುವ ರೋಗವಲ್ಲ.

ಗೋಧಿ, ಜವೆಗೋಧಿಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಅದು ಹೊಟ್ಟೆಗೆ ಹೋದರೆ ಈ ರೋಗಿಗಳ ದೇಹ ತನ್ನ ಸಣ್ಣ ಕರುಳನ್ನೇ ಘಾಸಿಗೊಳಿಸುತ್ತದೆ. ಆಹಾರದ ಸತ್ವ ಹೀರುವ ಕರುಳಿನ ಒಳಪದರ ಸವೆದು ಚಪ್ಪಟೆಯಾಗುತ್ತದೆ. ಆಗ ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ, ಡಿ ಜೀವಸತ್ವ ಮೈಗೆ ಹತ್ತುವುದಿಲ್ಲ.

ಅನುಮಾನವಿದ್ದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಬೇಕಾದರೆ ಅವರು ಎಂಡೋಸ್ಕೋಪಿಗೆ ಹೇಳುತ್ತಾರೆ. ಅದಕ್ಕೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು.

ರೋಗ ಖಚಿತವಾದರೆ ಮುಖ್ಯ ಔಷಧ ಊಟವೇ. ಜೀವನವಿಡೀ ಚಪಾತಿ, ರವೆ, ಮೈದಾ, ಗೋಧಿ ಶಾವಿಗೆ, ಬ್ರೆಡ್, ಬಿಸ್ಕತ್ತು ಬಿಡಬೇಕು. ಸೊಲ್ಲಾಪುರ, ಅಕ್ಕಲಕೋಟೆಯ ನಮಗೆ ಇದು ಅಷ್ಟು ಕಷ್ಟವಲ್ಲ. ನಮ್ಮ ಜೋಳದಲ್ಲಿ ಗ್ಲುಟೆನ್ ಇಲ್ಲ. ಇದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರಿನಂಶ ಇದೆ. ಸಜ್ಜೆ, ಅಕ್ಕಿ, ರಾಗಿಯೂ ಆಗುತ್ತವೆ.

ಆದರೆ ಮೋಸವಾಗುವುದು ಗಿರಣಿಯಲ್ಲಿ! ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಉಳಿದ ಗೋಧಿಹಿಟ್ಟು ಬೆರೆಯುತ್ತದೆ. ಜೋಳವನ್ನಷ್ಟೇ ಬೀಸುವ ಗಿರಣಿ ಹುಡುಕಿ, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಿ. ಕೊಣಮಿಗೆ, ಜರಡಿ, ಹಂಚು ಬೇರೆಯಿರಲಿ. ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಇರಬಹುದು. ಪೊಟ್ಟಣ ಓದಿ ಕೊಳ್ಳಿ.

ಗೋಧಿ ಬಿಟ್ಟರಷ್ಟೇ ಸಾಲದು. ರೊಟ್ಟಿಯ ಜೊತೆ ಬೇಳೆ, ಶೇಂಗಾ ಹಿಂಡಿ, ಮೆಂತ್ಯಪಲ್ಲೆ ಇರಲಿ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಬೇಡ. ಮೊದಮೊದಲು ಹಾಲು ಒಗ್ಗದಿದ್ದರೆ ಮೊಸರು ತಿಂದು ನೋಡಿ. ಕರುಳು ವಾಸಿಯಾದಂತೆ ಹಿಂದಿನಷ್ಟೇ ಉಂಡರೂ ತೂಕ ಏರುತ್ತದೆ. ಕೃಶರಾಗಿದ್ದವರಿಗೆ ಅದು ಒಳ್ಳೆಯ ಲಕ್ಷಣ, ಮೊದಲೇ ದಪ್ಪಗಿರುವವರು ಮಾತ್ರ ಎಚ್ಚರವಾಗಿರಬೇಕು.

ಇನ್ನು ಪರಮಪ್ರಸಾದದ ಮಾತು. ಅದರ ರೊಟ್ಟಿಯೂ ಗೋಧಿಯದೇ. ಗ್ಲುಟೆನ್ ಇಲ್ಲವೇ ಇಲ್ಲದ ರೊಟ್ಟಿ ಬಲಿಪೂಜೆಗೆ ಸಲ್ಲದು, ಆದರೆ ಅತಿ ಕಡಿಮೆ ಗ್ಲುಟೆನ್ ಇರುವುದು ಸಲ್ಲುತ್ತದೆ ಎಂದು ವ್ಯಾಟಿಕನ್ 2003ರಲ್ಲಿ ತಿಳಿಸಿತು. 2017ರಲ್ಲಿ ಅದನ್ನೇ ಮತ್ತೆ ನೆನಪಿಸಿತು. ಅದೂ ಒಗ್ಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಸ್ವೀಕರಿಸಬಹುದು. ಗುರುಗಳ ಪಾತ್ರೆಯೊಳಗೆ ರೊಟ್ಟಿಯ ತುಣುಕು ಬೆರೆಸಿರುತ್ತಾರೆ, ಆದ್ದರಿಂದ ಬೇರೆ ಪಾತ್ರೆ ಬೇಕು.

ಹೀಗಾಗಿ ಸಂಕೋಚಪಟ್ಟು ಹಿಂದಿನ ಬೆಂಚಿನಲ್ಲಿ ಕುಳಿತುಬಿಡಬೇಡಿ. ಪೂಜೆಗೆ ಮುಂಚೆ ಗುರುಗಳಿಗೆ ಒಂದು ಮಾತು ತಿಳಿಸಿ. ಮನೆಯ ಊಟದ ಪಂಕ್ತಿಯಲ್ಲಾಗಲಿ, ದೇವರ ಪಂಕ್ತಿಯಲ್ಲಾಗಲಿ, ಯಾರೂ ಹಸಿದು ಏಳಬಾರದು.