ತರಗತಿಯೊಳಗಿನ ಯಂತ್ರ: ಐವತ್ತು ವರ್ಷದ ಲೆಕ್ಕ

1975ರ ಆಗಸ್ಟ್ 1ರಂದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಹೆಚ್ಚಾಗಿ ಶಾಲೆಯ ಕಟ್ಟಡದಲ್ಲೇ, ಆ ಪೆಟ್ಟಿಗೆ ಕೂತಿತು. ಹೊರಗೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ. ಶಾಲೆ ನಡೆಯುವ ದಿನ ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಮನರಂಜನೆ. 2025ರ ಆಗಸ್ಟ್‌ಗೆ ಇದಕ್ಕೆ ಐವತ್ತು ವರ್ಷ ತುಂಬಿತು. ಅದೇ ವರ್ಷ ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳ ಮುಖಚಹರೆ ಗುರುತಿಸಿ ಹಾಜರಿ ಹಾಕುವ ಯೋಜನೆಯೂ ಸುದ್ದಿಯಾಯಿತು. ಈ ಎರಡರ ನಡುವಿನ ಹಾದಿಯನ್ನು ಒಮ್ಮೆ ಹಿಂತಿರುಗಿ ನೋಡುವ ಕಾಲ ಬಂದಿದೆ.

ಸೈಟ್ ಕಾಲದ ಟಿವಿಗೆ ತನ್ನ ಮುಂದೆ ಕೂತವರು ಯಾರೆಂದು ಗೊತ್ತಿರಲಿಲ್ಲ. ಮಗುವಿನ ಹೆಸರು, ಅಂಕ, ಜಾತಿ, ಮುಖ ಯಾವುದೂ ಆ ಪೆಟ್ಟಿಗೆಯ ಮೂಲಕ ಊರು ದಾಟುತ್ತಿರಲಿಲ್ಲ. ಹಚ್ಚುವವರು, ಆರಿಸುವವರು ಊರಿನವರೇ. ಪಾಠ ಮುಗಿದ ಮೇಲೆ ಅದನ್ನು ಹಿಡಿದು ಮೇಷ್ಟ್ರು ಮುಂದುವರಿಯಬಹುದಿತ್ತು, ಬಿಡಬಹುದಿತ್ತು. ಶಿಕ್ಷಕರಿಗೆಂದೇ ವಿಜ್ಞಾನ ಬೋಧನೆಯ ತರಬೇತಿಯನ್ನೂ ಅದೇ ಟಿವಿಯಲ್ಲಿ ಕೊಟ್ಟರು. ಆದರೆ 1976ರ ಜುಲೈ ಕೊನೆಗೆ ಉಪಗ್ರಹದ ಅವಧಿ ಮುಗಿದು ಪರದೆಗಳು ಕಪ್ಪಾದವು. ಗುಲ್ಬರ್ಗದಲ್ಲಿ 1977ರಲ್ಲಿ ಪ್ರಸಾರ ಕೇಂದ್ರ ತೆರೆದದ್ದರಿಂದ ಆ ಸೀಮೆಗೆ ಟಿವಿ ಮರಳಿತು. ಯೋಜನೆ ಮುಗಿದ ಮಾರನೇ ದಿನ ಶಾಲೆಯ ಗತಿಯೇನು ಎಂಬ ಪ್ರಶ್ನೆ ಮಾತ್ರ ಅಲ್ಲಿಂದಲೇ ಶುರುವಾಯಿತು. 2004ರ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಉಪಗ್ರಹವನ್ನು ನೆಚ್ಚಿಕೊಂಡು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಿತ್ತರಿಸಿದಾಗಲೂ ಅದೇ ಪ್ರಶ್ನೆ ಉಳಿದಿತ್ತು.

ಕಂಪ್ಯೂಟರಿನ ಕಥೆ ಇನ್ನೂ ಕಹಿ. 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಆಮೇಲೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಯೋಜನೆಯ ಹಂತಗಳು. ಯಂತ್ರ ಖಾಸಗಿ ಸಂಸ್ಥೆಯದು, ಕಲಿಸುವವರು ಆ ಸಂಸ್ಥೆಯ ಗುತ್ತಿಗೆ ನೌಕರರು. ಶಾಲೆಯ ಗಣಿತದ, ವಿಜ್ಞಾನದ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧವೇ ಇಲ್ಲ. ಆ ಕೋಣೆಗಳನ್ನು ಕಂಡವರಿಗೆ ನೆನಪಿರುತ್ತದೆ: ಕಿಟಕಿಗೆ ಕಬ್ಬಿಣದ ಗ್ರಿಲ್ಲು, ಬಾಗಿಲಿಗೆ ಎರಡು ಬೀಗ, ಹೊಸ್ತಿಲ ಹೊರಗೆ ಮಕ್ಕಳ ಚಪ್ಪಲಿಗಳ ಸಾಲು, ಒಳಗೆ ಬಟ್ಟೆ ಹೊದ್ದ ಮಾನಿಟರುಗಳು, ಮೂಲೆಯಲ್ಲಿ ನೀರು ಬತ್ತಿದ ಬ್ಯಾಟರಿ. ಒಂದು ಮೌಸ್ ಕಳುವಾದರೂ ದಾಸ್ತಾನು ವಹಿಯಲ್ಲಿ ಉತ್ತರ ಬರೆಯಬೇಕಾದವರು ಮುಖ್ಯೋಪಾಧ್ಯಾಯರು. ಹಾಗಾಗಿ ಬೀಗ ಹಾಕಿಟ್ಟರೆ ಸುರಕ್ಷಿತ, ತೆರೆದರೆ ತಲೆನೋವು. ಆ ಕಾಲದಲ್ಲಿ ನಾವು ‘ಸುರಕ್ಷತೆ’ ಎಂದದ್ದು ಯಂತ್ರದ ಸುರಕ್ಷತೆಯನ್ನು. ಮಗುವಿನ ಸುರಕ್ಷತೆ ಎಂಬ ಮಾತೇ ಯಾವ ಸುತ್ತೋಲೆಯ ಕೇಂದ್ರದಲ್ಲೂ ಇರಲಿಲ್ಲ. ಗುತ್ತಿಗೆ ಮುಗಿಯಿತು, ಕಲಿಸುವವರು ಹೋದರು, ಯಂತ್ರಗಳು ಉಳಿದವು, ಕೀಲಿಕೈ ಬೀರು ಸೇರಿತು.

ಪಕ್ಕದ ಕೇರಳ ಅದೇ ವರ್ಷಗಳಲ್ಲಿ ಬೇರೆ ದಾರಿ ಹಿಡಿಯಿತು. ಹೊರಗಿನ ಸಂಸ್ಥೆಗೆ ವಹಿಸುವ ಬದಲು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು, ಯಾರೂ ತಿದ್ದಿ ಹಂಚಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಆರಿಸಿಕೊಂಡಿತು, 2018ರಲ್ಲಿ ‘ಲಿಟಲ್ ಕೈಟ್ಸ್’ ಹೆಸರಿನಲ್ಲಿ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳ ಕೂಟಗಳನ್ನೇ ಕಟ್ಟಿತು. ನಮ್ಮಲ್ಲೂ ಒಂದು ಒಳ್ಳೆಯ ಅಧ್ಯಾಯ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಶಿಕ್ಷಣ ಇಲಾಖೆಯೂ ಕೂಡಿ 2010ರ ದಶಕದಲ್ಲಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಪ್ರೌಢಶಾಲಾ ಮೇಷ್ಟ್ರುಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿತು. ಕನ್ನಡದಲ್ಲಿ ಪಾಠ ಸಾಮಗ್ರಿ ಬರೆಸಿ, ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಜಿಯೊಜೀಬ್ರಾ ಎಂಬ ತಂತ್ರಾಂಶದಲ್ಲಿ ಶಿಕ್ಷಕಿಯೊಬ್ಬರು ತ್ರಿಭುಜದ ಒಂದು ಶೃಂಗ ಹಿಡಿದು ಎಳೆಯುತ್ತಾರೆ. ಬಾಹುಗಳು ಉದ್ದವಾಗುತ್ತವೆ, ಕೋನಗಳು ಒಂದೊಂದೂ ಬದಲಾಗುತ್ತವೆ, ಮೂರರ ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಹಿಂದಿನ ಬೆಂಚಿನ ಹುಡುಗ ಎದ್ದು ಬಂದು ‘ನಾನೂ ಎಳೀತೀನಿ ಮಿಸ್’ ಅನ್ನುತ್ತಾನೆ. ಮೂವತ್ತು ಮಕ್ಕಳಿಗೆ ಒಂದೇ ಯಂತ್ರ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಯಾರ ಹೆಸರನ್ನೂ ಅದು ಕೇಳುವುದಿಲ್ಲ, ಯಾವಾಗ ಮುಚ್ಚಬೇಕೆಂದು ಶಿಕ್ಷಕಿಗೆ ಗೊತ್ತು. ಈ ಐವತ್ತು ವರ್ಷದಲ್ಲಿ ತರಗತಿಗೆ ಬಂದ ತಂತ್ರಜ್ಞಾನದ ಅತ್ಯುತ್ತಮ ರೂಪ ಇದೇ ಎಂದು ಈ ಪತ್ರಿಕೆ ನಂಬುತ್ತದೆ. ಹೆಚ್ಚು ಖರ್ಚಿಲ್ಲದ ಈ ಮಾದರಿಯನ್ನು ಪ್ರತಿ ಶಾಲೆಗೂ ಒಯ್ಯುವ ಹಟ ಇಲಾಖೆಯಲ್ಲಿ ಕಾಣಲಿಲ್ಲ.

ಅಷ್ಟರಲ್ಲಿ 2020 ಬಂತು. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಪ್ರೊ. ಎಂ.ಕೆ. ಶ್ರೀಧರ್ ಅವರ ಸಮಿತಿ ವಯಸ್ಸಿಗೆ ತಕ್ಕಂತೆ ಪರದೆಯ ಸಮಯ ಗೊತ್ತುಮಾಡಿತು. ಆ ದಿನಗಳ ಚರ್ಚೆಯನ್ನು ಈಗ ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಮಗು ಎಷ್ಟು ಹೊತ್ತು ನೋಡಬೇಕು ಎಂದು ಎಲ್ಲರೂ ಕೇಳಿದರು. ಆ ಹೊತ್ತಿನಲ್ಲಿ ಮಗುವನ್ನು ನೋಡುತ್ತಿರುವವರು ಯಾರು ಎಂದು ಕೇಳಿದವರು ತೀರಾ ಕಡಿಮೆ. ಚಂದನ ವಾಹಿನಿಯ ‘ಸಂವೇದ’ ಪಾಠಗಳು ಹಳೆಯ ಟಿವಿಯ ಹಾಗೆಯೇ ಮಗುವಿನಿಂದ ಏನನ್ನೂ ಕೇಳಲಿಲ್ಲ. ಗುಡಿಯ ಕಟ್ಟೆ, ಮರದ ನೆರಳಿಗೆ ಮೇಷ್ಟ್ರೇ ಹೋದ ‘ವಿದ್ಯಾಗಮ’ ಆಗಸ್ಟ್‌ನಲ್ಲಿ ಶುರುವಾಗಿ ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು. ಉಳಿದದ್ದು ಅಪ್ಪನ ಫೋನು. ಕೂಲಿ ಮುಗಿಸಿ ಅಪ್ಪ ಮನೆಗೆ ಬಂದ ಮೇಲೆ, ರಾತ್ರಿ ಎಂಟೂವರೆಗೆ, ಅಣ್ಣತಂಗಿಯರ ಸರದಿಯಲ್ಲಿ ಅದು ಕೈಗೆ ಬರುತ್ತಿತ್ತು. ಪಾಠದ ವಿಡಿಯೊ ಮುಗಿಯುತ್ತಿದ್ದಂತೆ ಮುಂದಿನ ವಿಡಿಯೊ ತಾನಾಗಿ ಶುರುವಾಗುತ್ತಿತ್ತು, ಅದು ಪಾಠವಾಗಿರಬೇಕೆಂದೇನೂ ಇರಲಿಲ್ಲ.

2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಯ ಮಕ್ಕಳೂ ಶಾಲೆಗೆ ಮರಳಿದರು. ಬಾಗಿಲು ತೆರೆದಾಗ ತೋರಣ ಕಟ್ಟಿದೆವು, ಹೂ ಕೊಟ್ಟೆವು. ತುರ್ತಿನಲ್ಲಿ ತೆರೆದಿದ್ದ ಕಿಂಡಿಗಳನ್ನು ಮುಚ್ಚಲು ಮರೆತೆವು. ತರಗತಿಗೊಂದರಂತೆ ಹುಟ್ಟಿದ ವಾಟ್ಸ್ಆ್ಯಪ್ ಗುಂಪುಗಳು ಇಂದಿಗೂ ನಡೆಯುತ್ತಿವೆ, ಅವುಗಳಲ್ಲಿ ಮಕ್ಕಳ ಹೆಸರಿನಲ್ಲಿರುವ ನಂಬರುಗಳು ಎಲ್ಲರಿಗೂ ಕಾಣುತ್ತವೆ.

ಈ ಗುಂಪುಗಳನ್ನು ನಡೆಸುವ ಫೋನಿನ ಒಳಗನ್ನು ತುಸು ಹತ್ತಿರದಿಂದ ನೋಡಬೇಕು. ಸರ್ಕಾರಿ ಶಾಲೆಯ ತರಗತಿ ಶಿಕ್ಷಕಿಗೆ ಇಲಾಖೆ ಫೋನು ಕೊಟ್ಟಿಲ್ಲ. ದುಡಿಯುವುದು ಅವರ ಸ್ವಂತ ಫೋನು. ವಿದ್ಯಾರ್ಥಿವೇತನ, ಎಸ್‌ಎಟಿಎಸ್ ಎಂಬ ಮಕ್ಕಳ ಕಲಿಕಾ ದಾಖಲೆ, ಪ್ರತಿ ಮಗುವಿನ ಅಪಾರ್ ಗುರುತಿನ ಸಂಖ್ಯೆ ಹೀಗೆ ಒಂದೊಂದಕ್ಕೂ ‘ಇವತ್ತೇ ಕಳಿಸಿ’ ಎಂದು ಮೇಲಿನಿಂದ ಸಂದೇಶ. ತಾಯಿ ಮಗುವಿನ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತೆಗೆದು ಕಳಿಸುತ್ತಾಳೆ, ಗೊತ್ತಾಗದೆ ಎಷ್ಟೋ ಸಲ ಗುಂಪಿಗೇ ಹಾಕುತ್ತಾಳೆ. ಒಟಿಪಿ ಬಂದಾಗ ಶಿಕ್ಷಕಿ ಕರೆ ಮಾಡಿ ಕೇಳುತ್ತಾರೆ, ತಾಯಿ ಓದಿ ಹೇಳುತ್ತಾಳೆ. ಅಪರಿಚಿತರಿಗೆ ಒಟಿಪಿ ಹೇಳಬೇಡಿ ಎಂದು ಬ್ಯಾಂಕು ದಿನವೂ ಎಚ್ಚರಿಸುವ ಹೊತ್ತಿನಲ್ಲಿ, ಹೇಳುವ ಅಭ್ಯಾಸವನ್ನು ಶಾಲೆಯೇ ಮಾಡಿಸುತ್ತಿದೆ. ಆ ಶಿಕ್ಷಕಿ ಕೆಟ್ಟ ಉದ್ದೇಶದಿಂದ ಏನನ್ನೂ ಮಾಡಿಲ್ಲ. ಹೇರಿದ ಕೆಲಸವನ್ನು ಗಡುವಿನೊಳಗೆ ಮುಗಿಸಿದ್ದಾರೆ. ಅವರ ಫೋನು ಕಳೆದರೆ, ರಿಪೇರಿಗೆ ಹೋದರೆ, ಹಳತೆಂದು ಮಾರಾಟವಾದರೆ ಒಂದಿಡೀ ತರಗತಿಯ ಕುಟುಂಬಗಳ ದಾಖಲೆ ಅದರ ಜೊತೆ ಹೋಗುತ್ತದೆ. ತಂತ್ರಜ್ಞಾನದ ಜವಾಬ್ದಾರಿಯ ಬಗ್ಗೆ ಶಿಕ್ಷಕರಿಗೆ ಉಪದೇಶ ಮಾಡುವ ಮೊದಲು ಇಲಾಖೆ ಶಿಕ್ಷಕರ ಫೋನುಗಳ ಈ ಫೋಟೊ ಗ್ಯಾಲರಿಗಳ ಹೊಣೆಯನ್ನು ತಾನು ಹೊರಬೇಕು.

ದೊಡ್ಡ ವ್ಯವಸ್ಥೆಗಳೂ ಭದ್ರವಾಗಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರಗಳು ಶಿಫಾರಸು ಮಾಡಿದ ಕಲಿಕಾ ಆ್ಯಪ್‌ಗಳನ್ನು ‘ಹ್ಯೂಮನ್ ರೈಟ್ಸ್ ವಾಚ್’ 49 ದೇಶಗಳಲ್ಲಿ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಬಹುಪಾಲು ಆ್ಯಪ್‌ಗಳು ಮಕ್ಕಳ ಹಕ್ಕಿಗೆ ಅಪಾಯ ತರುವ ರೀತಿಯಲ್ಲಿ ಮಾಹಿತಿ ಬಳಸುತ್ತಿದ್ದವು. 2023ರ ಜನವರಿಯಲ್ಲಿ ಕೇಂದ್ರದ ‘ದೀಕ್ಷಾ’ ವೇದಿಕೆಗೆ ಸೇರಿದ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಯಾವ ರಕ್ಷಣೆಯೂ ಇಲ್ಲದ ಸರ್ವರಿನಲ್ಲಿ ಬಿದ್ದಿದ್ದದ್ದು ಬಯಲಾಯಿತು. ಅದೇ ವರ್ಷದ ಯುನೆಸ್ಕೊ ವರದಿ ಶಿಕ್ಷಣದಲ್ಲಿ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯುತ್ತಿದೆ ಎಂದು ಶೀರ್ಷಿಕೆಯಲ್ಲೇ ಕೇಳಿತು.

2023ರ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕರಿಸಿತು. ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು. ಅವರ ಚಲನವಲನದ ಜಾಡು ಹಿಡಿಯುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವಂತಿಲ್ಲ. ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬರಲು 2025ರ ನವೆಂಬರ್ ಆಯಿತು. ಜಾಡು ಹಿಡಿಯುವ ವಿಷಯದಲ್ಲಿ ಶಿಕ್ಷಣ ಸಂಸ್ಥೆಗಳಿಗೆ, ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಕಾರಣಕ್ಕೆ, ವಿನಾಯಿತಿಯೂ ಸಿಕ್ಕಿತು. ವಿನಾಯಿತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಶಾಲೆಗಳಿಗೆ ಯಾರೂ ತಿಳಿಸಿ ಹೇಳುತ್ತಿಲ್ಲ.

ಮಕ್ಕಳ ಸ್ಥಿತಿ ಏನು? 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಜಾಲತಾಣ ಬಳಸುವವರಲ್ಲಿ ತೊಂದರೆ ಕೊಡುವವರನ್ನು ಬ್ಲಾಕ್ ಮಾಡಲು ಬರುವವರು ಹತ್ತರಲ್ಲಿ ಆರು ಮಂದಿ. ಹುಡುಗಿಯರಲ್ಲಿ ಈ ಪ್ರಮಾಣ ಹುಡುಗರಿಗಿಂತ ಕಡಿಮೆ. ಹೆಚ್ಚು ತೊಂದರೆಗೆ ಒಳಗಾಗುವವರಿಗೇ ಕಡಿಮೆ ಗೊತ್ತಿರುವುದು ಈ ಲೆಕ್ಕದಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದ ಸಂಗತಿ. ಫೋಟೊ ತಿರುಚಿ ಬೆದರಿಸಿದರೆ ಏನು ಮಾಡಬೇಕು, ಮಕ್ಕಳ ಸಹಾಯವಾಣಿ 1098ಕ್ಕೋ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಯಾವಾಗ ಕರೆ ಮಾಡಬೇಕು, ಮನೆಯಲ್ಲಿ ಬೈಯುತ್ತಾರೆಂಬ ಭಯವಿದ್ದಾಗ ಯಾವ ಟೀಚರ್ ಬಳಿ ಹೇಳಬಹುದು ಎಂಬುದು ಎಂಟನೇ ತರಗತಿಯ ಹುಡುಗಿಗೆ ಗುಣಾಕಾರದಷ್ಟು ಚೆನ್ನಾಗಿ ತಿಳಿದಿರಬೇಕು. ವಾರ್ಷಿಕೋತ್ಸವದ ನೃತ್ಯವನ್ನು ಹೆಸರು, ತರಗತಿ ಸಮೇತ ಜಾಲತಾಣಕ್ಕೆ ಏರಿಸುವ ಶಾಲೆಗಳು ಮೊದಲು ಆ ರೂಢಿ ನಿಲ್ಲಿಸಲಿ. ಕೃತಕ ಬುದ್ಧಿಮತ್ತೆ ಒಂದು ಫೋಟೊದಿಂದ ಏನೆಲ್ಲ ಮಾಡಬಲ್ಲದು ಎಂಬುದು ಈಗ ಗುಟ್ಟೇನಲ್ಲ.

ಮುಖಚಹರೆ ಹಾಜರಿಗೆ ಕೊಡುವ ಕಾರಣ ಬಿಸಿಯೂಟದ ಲೆಕ್ಕ ಸರಿಹೋಗುತ್ತದೆ, ಮೇಷ್ಟ್ರ ಸಮಯ ಉಳಿಯುತ್ತದೆ ಎಂಬುದು. ಲೆಕ್ಕ ಸರಿಯಿರಬೇಕು, ಒಪ್ಪೋಣ. ಆದರೆ ಹಾಜರಿ ಕರೆಯುವ ಐದು ನಿಮಿಷ ವ್ಯರ್ಥವಲ್ಲ. ‘ಎರಡು ದಿನ ಯಾಕೋ ಬರಲಿಲ್ಲ?’ ಎಂದು ಕೇಳುವುದು ಆಗಲೇ. ರಾಯಚೂರು, ಯಾದಗಿರಿ ಕಡೆಯ ಮಗು ಅಪ್ಪ ಅಮ್ಮನ ಜೊತೆ ಗುಳೆ ಹೊರಡಲಿದೆ ಎಂಬ ಸುಳಿವು ಮೇಷ್ಟ್ರಿಗೆ ಸಿಗುವುದು ಆಗಲೇ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮಗು ತನ್ನ ಮುಖ ಬದಲಿಸಲಾರದು. ಊಟದ ಲೆಕ್ಕಕ್ಕೆ ಮುಖವೇ ಬೇಕೆ ಎಂಬ ಪ್ರಶ್ನೆಗೆ ಸರ್ಕಾರ ಉತ್ತರಿಸುವವರೆಗೆ ಈ ಯೋಜನೆಯನ್ನು ತಡೆಹಿಡಿಯಬೇಕು ಎಂಬುದು ನಮ್ಮ ನಿಲುವು.

2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಮಕ್ಕಳ ತಂದೆತಾಯಿಯೇ ಅದರ ಬಹುಪಾಲು ಸದಸ್ಯರು. ಹೊಸ ಆ್ಯಪ್, ಹೊಸ ಕ್ಯಾಮೆರಾ, ಹೊಸ ನೋಂದಣಿ ಏನೇ ಬರಲಿ, ಅದರ ವಿವರ ಕನ್ನಡದಲ್ಲಿ ಆ ಸಭೆಯ ಮುಂದೆ ಬರಲಿ. ಬೇಡ ಎನ್ನುವ ಹಕ್ಕು ಆ ಸಭೆಗಿರಲಿ. ಮಾಹಿತಿ ಯಾರ ಬಳಿ, ಎಷ್ಟು ವರ್ಷ, ಅಳಿಸುವವರು ಯಾರು ಎಂಬ ಮೂರು ಸಾಲು ಪ್ರವೇಶ ಅರ್ಜಿಯಲ್ಲೇ ಅಚ್ಚಾಗಲಿ. ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಗುವಿನ ಮುಖದ ಚಿತ್ರ, ಅದು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು ಇಲಾಖೆ ಚಿತ್ರ ತೆಗೆಯುವ ಮೊದಲೇ ಹೆತ್ತವರಿಗೆ ಬರೆದುಕೊಡಬೇಕು.