ಡಬಲ್ಸ್ ಆಟಗಾರನಿಗೆ ಸಲ್ಲಬೇಕಾದ ಪಾಲು

ಟೆನಿಸ್ ಆಟದಲ್ಲಿ ಒಂಟಿಯಾಗಿ ಗೆಲ್ಲಲಾರದವರು ಡಬಲ್ಸ್ ಪಂದ್ಯಗಳ ಆಶ್ರಯ ಪಡೆಯುತ್ತಾರೆ ಎಂಬುದು ವಿದ್ಯಾವಂತ ವರ್ಗದಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯ. ದಿನಪತ್ರಿಕೆಯ ಕ್ರೀಡಾಪುಟವನ್ನು ಶ್ರದ್ಧೆಯಿಂದ ಓದುವವರು ಸಹ ಇದನ್ನು ಪರೀಕ್ಷಿಸಿ ನೋಡದೆಯೇ ಒಪ್ಪಿಕೊಂಡಿರುತ್ತಾರೆ. 2024ರ ಜನವರಿ 27ರಂದು ಮೆಲ್ಬರ್ನ್ ನಗರದಲ್ಲಿ ರೋಹನ್ ಬೋಪಣ್ಣ ಅವರು ಮ್ಯಾಥ್ಯೂ ಎಬ್ಡೆನ್ ಅವರೊಡಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ, ಅಭಿನಂದನೆಯ ಬೆನ್ನಿಗೇ “ಡಬಲ್ಸ್ ತಾನೇ?” ಎಂಬ ಮಾತೂ ಅಲ್ಲಲ್ಲಿ ಕೇಳಿಬಂದಿತು. ಆ “ತಾನೇ” ಎಂಬ ಪುಟ್ಟ ಪದದಲ್ಲಿ ಅಡಗಿರುವ ಅನ್ಯಾಯ ಪುಟ್ಟದಲ್ಲ.

ಬೋಪಣ್ಣ ಅವರು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಜನಿಸಿ, ಕೊಡಗಿನ ಕಾಫಿ ತೋಟಗಳ ನಡುವೆ ಬೆಳೆದವರು. ಹನ್ನೊಂದನೆಯ ವಯಸ್ಸಿಗೆ ರ‍್ಯಾಕೆಟ್ ಹಿಡಿದರು. ಹದಿನಾಲ್ಕರ ಹೊತ್ತಿಗೆ ಮನೆಯನ್ನು ಬಿಟ್ಟು ಪುಣೆಗೆ ಹೋಗಿ ನಂದನ್ ಬಾಳ್ ಅವರ ಬಳಿ ಶಿಕ್ಷಣ ಪಡೆದರು. ಆ ವಯಸ್ಸಿನಲ್ಲಿ ಭಾಷೆ ಬೇರೆಯಾದ ಊರಿಗೆ ಹೋಗಿ ನಿಲ್ಲುವುದು ಎಂಥದೆಂದು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2002ರಲ್ಲಿ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದರು. ಸಿಂಗಲ್ಸ್‌ನಲ್ಲಿ ಅವರು ಏರಿದ ಅತ್ಯುನ್ನತ ಸ್ಥಾನ 213. ಅದು 2007ರ ಮಾತು. ಈ ಸಂಖ್ಯೆಯನ್ನೇ ಮುಂದಿಟ್ಟುಕೊಂಡು “ನೋಡಿ, ಸೋತು ಬಂದವರು” ಎನ್ನುವವರುಂಟು. ಆದರೆ 2010ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಭಾರತ ಮೊದಲೆರಡು ಪಂದ್ಯಗಳನ್ನು ಕಳೆದುಕೊಂಡು, ಮುಂದಿನೆರಡನ್ನು ಗೆದ್ದು ಸಮನಾದಾಗ, ನಿರ್ಣಾಯಕವಾದ ಐದನೆಯ ಪಂದ್ಯವನ್ನು ಸಿಂಗಲ್ಸ್ ಆಡಿಯೇ ಗೆದ್ದುಕೊಟ್ಟವರು ಇದೇ ಬೋಪಣ್ಣ. ಶಕ್ತಿ ಇಲ್ಲದೆ ಅವರು ಡಬಲ್ಸ್‌ಗೆ ಬಂದವರಲ್ಲ. ತಮ್ಮ ಶಕ್ತಿ ಎಲ್ಲಿ ಫಲಿಸುವುದೆಂದು ಅರಿತು ಬಂದವರು.

ಡಬಲ್ಸ್ ಎಂದರೆ ಅರ್ಧ ದುಡಿಮೆ ಎಂಬ ಭ್ರಮೆಗೆ ಅಂಗಳದ ಅಳತೆಯೇ ಕಾರಣವಿರಬಹುದು. ಸಿಂಗಲ್ಸ್ ಅಂಗಳದ ಅಗಲ 27 ಅಡಿ, ಡಬಲ್ಸ್‌ನದು 36 ಅಡಿ. ಉದ್ದ ಎರಡಕ್ಕೂ 78 ಅಡಿಯೇ. ಇಬ್ಬರಿಗೆ ಹಂಚಿದರೆ ಒಬ್ಬನ ಪಾಲಿಗೆ 18 ಅಡಿ! ಲೆಕ್ಕ ಸರಿಯಾಗಿದೆ, ತೀರ್ಮಾನ ಮಾತ್ರ ತಪ್ಪು. ಓಡುವ ದೂರ ಕಡಮೆಯಾದಷ್ಟೂ ಯೋಚಿಸುವ ಅವಕಾಶವೂ ಕಡಮೆಯಾಗುತ್ತದೆ. ಎದುರಾಳಿಗಳಲ್ಲಿ ಒಬ್ಬನು ಬಲೆಯ ಹತ್ತಿರವೇ ಹೊಂಚಿ ನಿಂತಿರುವುದರಿಂದ, ಚೆಂಡನ್ನು ತುಸು ಎತ್ತರಕ್ಕೆ ಹೊಡೆದರೂ ಅಂಕ ಕೈಬಿಟ್ಟಂತೆಯೇ. ಸರ್ವ್ ಮಾಡುವವನ ಜೊತೆಗಾರನು ಬೆನ್ನ ಹಿಂದೆ ಕೈಯಿಟ್ಟು ಬೆರಳುಗಳಿಂದ ಸನ್ನೆ ಮಾಡುತ್ತಾನೆ. ತಾನು ಯಾವ ಕಡೆಗೆ ಸರಿಯುವೆನೆಂದು ಮುಂಚಿತವಾಗಿ ತಿಳಿಸುತ್ತಾನೆ. ಆ ಸನ್ನೆಯನ್ನು ನಂಬಿ ಚೆಂಡನ್ನು ಹೊಡೆಯಬೇಕು. ತಪ್ಪಿದರೆ ಮುಖ ಸಿಂಡರಿಸುವಂತಿಲ್ಲ. 2006ರಿಂದೀಚೆಗೆ ವೃತ್ತಿಪರ ಪುರುಷರ ಪ್ರವಾಸದ ಸಾಮಾನ್ಯ ಪಂದ್ಯಾವಳಿಗಳಲ್ಲಿ ನಲವತ್ತು-ನಲವತ್ತರ ಸಮದಲ್ಲಿ ಒಂದೇ ಅಂಕ ಆ ಗೇಮನ್ನು ತೀರ್ಮಾನಿಸುತ್ತದೆ. ಮೂರನೆಯ ಸೆಟ್ಟಿನ ಬದಲು ಹತ್ತು ಅಂಕಗಳ ಟೈಬ್ರೇಕ್ ಆಡಲಾಗುತ್ತದೆ. ಒಂದು ಕ್ಷಣ ಮೈಮರೆತರೆ ವಾರದ ಶ್ರಮ ವ್ಯರ್ಥ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಅಂತಿಮ ಪಂದ್ಯದಲ್ಲಿ ಕೆನಡಾದ ಗ್ಯಾಬ್ರಿಯೆಲಾ ಡಬ್ರೋವ್ಸ್ಕಿ ಅವರೊಂದಿಗೆ ಬೋಪಣ್ಣ ಇಂಥದೇ ಟೈಬ್ರೇಕಿನಲ್ಲಿ ಸೋಲಿನ ಅಂಚಿಗೆ ಎರಡು ಬಾರಿ ಹೋಗಿ, 12–10ರಿಂದ ಗೆದ್ದು ಬಂದರು.

ಜೊತೆಗಾರನೆಂಬುವನು ಜೀವಮಾನದ ಸಂಗಾತಿಯೂ ಅಲ್ಲ. ಬ್ಯಾಂಕಿನ ಜಂಟಿ ಖಾತೆಯಾದರೂ ಸಾಮಾನ್ಯವಾಗಿ ಬಹುಕಾಲ ನಡೆಯುತ್ತದೆ. ಡಬಲ್ಸ್ ಜೋಡಿ ಒಂದು ಋತುವಿನ ಕೊನೆಗೆ ಮುರಿಯಬಹುದು. ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ, ಮಹೇಶ್ ಭೂಪತಿ, ರೊಮೇನಿಯಾದ ಫ್ಲೋರಿನ್ ಮೆರ್ಜಿಯಾ, ಉರುಗ್ವೆಯ ಪಾಬ್ಲೊ ಕ್ಯೂವಾಸ್, ಕೊನೆಗೆ ಎಬ್ಡೆನ್: ಬೋಪಣ್ಣ ಅವರ ಸಹವರ್ತಿಗಳಲ್ಲಿ ಇವರು ಕೆಲವರು ಮಾತ್ರ. ಖುರೇಷಿಯವರೊಡನೆ 2010ರ ಯು.ಎಸ್. ಓಪನ್ ಅಂತಿಮ ಪಂದ್ಯ ಆಡಿದಾಗ ಭಾರತ-ಪಾಕಿಸ್ತಾನಗಳ ವಿಶ್ವಸಂಸ್ಥೆಯ ರಾಯಭಾರಿಗಳು ಒಟ್ಟಿಗೆ ಕುಳಿತು ನೋಡಿದರು. ಬ್ರಯನ್ ಸಹೋದರರ ಎದುರು ಎರಡೂ ಸೆಟ್ಟುಗಳು ಟೈಬ್ರೇಕಿನಲ್ಲಿ ಕೈತಪ್ಪಿದವು. ಪುರುಷರ ಡಬಲ್ಸ್‌ನಲ್ಲಿ ಅಂಥದೊಂದು ಅಂತಿಮ ಪಂದ್ಯವನ್ನು ಮತ್ತೆ ಆಡಲು ಬೋಪಣ್ಣ ಅವರು 2023ರವರೆಗೆ, ಎಂದರೆ ಹದಿಮೂರು ವರ್ಷ, ಕಾಯಬೇಕಾಯಿತು. ಅದೂ ಸೋಲೇ ಆಯಿತು.

ಇನ್ನು ಹಣದ ವಿಚಾರ. ಪಂದ್ಯಾವಳಿಯನ್ನು ಗೆದ್ದ ಜೋಡಿಯ ಇಬ್ಬರಿಗೂ ಶ್ರೇಯಾಂಕದ ಅಂಕಗಳು ಪೂರ್ಣವಾಗಿ ಸಲ್ಲುತ್ತವೆ; ಹಣ ಮಾತ್ರ ಇಬ್ಭಾಗವಾಗುತ್ತದೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ವಿಜೇತನಿಗೆ ಗೊತ್ತುಪಡಿಸಿದ್ದ ಬಹುಮಾನ 31 ಲಕ್ಷ 50 ಸಾವಿರ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7 ಲಕ್ಷ 30 ಸಾವಿರ, ತಲೆಗೆ 3 ಲಕ್ಷ 65 ಸಾವಿರ. ಎಂದರೆ ಒಬ್ಬನಿಗೆ ಸಿಕ್ಕಿದ್ದರ ಎಂಟೂವರೆ ಪಟ್ಟಿಗೂ ಮಿಕ್ಕಿ ಇನ್ನೊಬ್ಬನಿಗೆ. ಇದು ಶಿಖರದಲ್ಲಿರುವವರ ಲೆಕ್ಕ. ಕೆಳಗಿನ ಮೆಟ್ಟಿಲಿನವರು ತಮ್ಮ ತರಬೇತುದಾರನ ಸಂಬಳ, ಅಂಗಮರ್ದಕನ ಸಂಭಾವನೆ, ವಿಮಾನದ ದರ ಇವುಗಳನ್ನು ಗೆದ್ದ ಹಣದಿಂದಲೇ ಹೊಂದಿಸಬೇಕು. ಜೊತೆಗೆ ಕಳೆದ ವರ್ಷದ ಅಂಕಗಳು ಐವತ್ತೆರಡು ವಾರಗಳಿಗೆ ಸರಿಯಾಗಿ ಖಾತೆಯಿಂದ ಇಳಿದುಹೋಗುತ್ತವೆ. ಕೂಡಿಟ್ಟು ಉಣ್ಣುವ ಸೌಕರ್ಯ ಈ ವೃತ್ತಿಯಲ್ಲಿಲ್ಲ. ಜನ ಸೇರುವುದು ಸಿಂಗಲ್ಸ್ ನೋಡಲು, ಆದಾಯ ಬರುವುದೂ ಅದರಿಂದಲೇ ಎಂಬ ಸಂಘಟಕರ ವಾದವನ್ನು ಅಲ್ಲಗಳೆಯುವಂತಿಲ್ಲ. ಹಣವನ್ನು ಮಾರುಕಟ್ಟೆ ನಿಗದಿಪಡಿಸಲಿ. ಮರ್ಯಾದೆಯನ್ನೂ ಅದೇ ದರಪಟ್ಟಿಯಿಂದ ಅಳೆಯುವುದು ಯಾವ ನ್ಯಾಯ?

ಇದೆಲ್ಲಕ್ಕಿಂತ ಮುಖ್ಯವಾದುದು ದೇಹದ ಮಾತು. ಬೋಪಣ್ಣ ಅವರ ಮೊಣಕಾಲಿನ ಕೀಲುಗಳಲ್ಲಿ ಮೃದ್ವಸ್ಥಿ ಸಂಪೂರ್ಣವಾಗಿ ಸವೆದುಹೋಗಿತ್ತು ಎಂಬುದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಹಾಸಿಗೆಯಂತಿರುವ ಈ ನುಣುಪಾದ ಪದರಕ್ಕೆ ರಕ್ತನಾಳಗಳಿಲ್ಲ. ಆದ್ದರಿಂದ ಒಮ್ಮೆ ಸವೆದರೆ ಅದು ಸುಲಭವಾಗಿ ಮತ್ತೆ ಬೆಳೆಯುವುದಿಲ್ಲ. ಕೀಲಿಗೆ ಚುಚ್ಚುಮದ್ದು, ದಿನಕ್ಕೆ ಎರಡು ಮೂರು ನೋವಿನ ಮಾತ್ರೆ, ಹೀಗೆ ಸಾಗಿತ್ತು ಅವರ ಆಟ. 2020ರಲ್ಲಿ, ಮಹಾಮಾರಿಯ ಕಾರಣ ಪಂದ್ಯಗಳು ನಿಂತಿದ್ದ ಕಾಲದಲ್ಲಿ, ಅವರು ಅಯ್ಯಂಗಾರ್ ಪದ್ಧತಿಯ ಯೋಗಾಭ್ಯಾಸ ಆರಂಭಿಸಿದರು. ತೊಡೆಯ ಮತ್ತು ಮೊಣಕಾಲಿನ ಸುತ್ತಲ ಸ್ನಾಯುಗಳು ಬಲಗೊಂಡವು, ಮಾತ್ರೆಗಳು ನಿಂತವು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರೂ ತಾರುಣ್ಯದಲ್ಲಿಯೇ ಪುಣೆಗೆ ಹೋಗಿ ನೆಲೆಸಿದವರು. ಹಗ್ಗ, ಪಟ್ಟಿ, ಮರದ ತುಂಡುಗಳ ಆಸರೆಯಿಂದ ಬಗ್ಗದ ದೇಹಕ್ಕೂ ಆಸನಗಳನ್ನು ಒಗ್ಗಿಸಿದ ಅವರ ವಿಧಾನ, ಅದೇ ಊರಿನಲ್ಲಿ ಆಟ ಕಲಿತ ಇನ್ನೊಬ್ಬ ಕನ್ನಡನಾಡಿನವನ ಕಾಲಿಗೆ ಬಲವಾಗಿ ಬಂದದ್ದು ಆಕಸ್ಮಿಕವೇ ಇರಬಹುದು, ಆದರೂ ಸಂತೋಷದ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯೋಗದಿಂದ ಸವೆದ ಮೃದ್ವಸ್ಥಿ ಮರಳಿ ಬೆಳೆಯಿತೆಂದು ಯಾರೂ ಭಾವಿಸಬಾರದು. ಕೀಲಿನ ಮೇಲಿನ ಭಾರವನ್ನು ಸ್ನಾಯುಗಳು ಹಂಚಿಕೊಂಡವು, ಅಷ್ಟೆ. ಲೋಕಲ್ ರೈಲಿನಲ್ಲಿ ನಿಂತು, ಮೂರನೆಯ ಮಹಡಿಗೆ ಮೆಟ್ಟಿಲೇರಿ ಮೊಣಕಾಲು ಹಿಡಿದುಕೊಳ್ಳುವವರು ವೈದ್ಯರ ಸಲಹೆಯಿಲ್ಲದೆ, ಬಲ್ಲ ಗುರುವಿಲ್ಲದೆ, ಪುಸ್ತಕದ ಚಿತ್ರ ನೋಡಿ ಪದ್ಮಾಸನಕ್ಕೆ ಕೂರುವುದು ಕ್ಷೇಮವಲ್ಲ.

ಯೋಗ ಆರಂಭಿಸಿದ ಮಾತ್ರಕ್ಕೆ ಗೆಲುವು ಬಾಗಿಲಿಗೆ ಬರಲಿಲ್ಲ ಎಂಬುದನ್ನೂ ನೆನೆಯಬೇಕು. 2021ರ ಆರಂಭದ ತಿಂಗಳುಗಳಲ್ಲಿ ಸಾಲುಸಾಲಾಗಿ ಸೋತು, ಆಟವನ್ನೇ ಬಿಟ್ಟುಬಿಡುವ ಯೋಚನೆಯೂ ಅವರಿಗೆ ಬಂದಿತ್ತು. ಬಿಡಲಿಲ್ಲ. 2023ರಲ್ಲಿ ಇಂಡಿಯನ್ ವೆಲ್ಸ್, ಮರುವರ್ಷ ಮೆಲ್ಬರ್ನ್ ಮತ್ತು ಮಯಾಮಿ. ಮೆಲ್ಬರ್ನ್‌ನ ಅಂತಿಮ ಪಂದ್ಯದಲ್ಲಿ ಇಟಲಿಯ ಬೊಲೆಲ್ಲಿ-ವವಾಸ್ಸೋರಿ ಜೋಡಿಯನ್ನು 7–6, 7–5ರಿಂದ ಮಣಿಸಿದ ಎರಡು ದಿನಗಳ ನಂತರ, 43ನೆಯ ವಯಸ್ಸಿನಲ್ಲಿ, ಅವರು ಡಬಲ್ಸ್‌ನಲ್ಲಿ ಜಗತ್ತಿನ ಪ್ರಥಮ ಸ್ಥಾನಕ್ಕೇರಿದರು. ಆ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅದೇ ವರ್ಷ ಪದ್ಮಶ್ರೀ ಗೌರವವೂ ಸಂದಿತು.

“ಡಬಲ್ಸ್ ತಾನೇ?” ಎನ್ನುವವರಿಗೆ ಉತ್ತರ ಬೇಕಿದ್ದರೆ 2025ರ ಯು.ಎಸ್. ಓಪನ್ ಮಿಶ್ರ ಡಬಲ್ಸ್ ನೋಡಬಹುದು. ಸಂಘಟಕರು ಆ ವರ್ಷ ಪಂದ್ಯಾವಳಿಯನ್ನು ಹದಿನಾರು ಜೋಡಿಗಳಿಗೆ ಇಳಿಸಿ, ಮುಖ್ಯ ಸ್ಪರ್ಧೆಗೆ ಮುಂಚೆ ಎರಡೇ ದಿನಗಳಲ್ಲಿ ಮುಗಿಸಿ, ಹತ್ತು ಲಕ್ಷ ಡಾಲರ್ ಬಹುಮಾನವಿಟ್ಟು ಸಿಂಗಲ್ಸ್ ತಾರೆಯರನ್ನು ಕರೆತಂದರು. ಅರ್ಧದಷ್ಟು ಸ್ಥಾನಗಳು ಸಿಂಗಲ್ಸ್ ಶ್ರೇಯಾಂಕದ ಆಧಾರದ ಮೇಲೆ, ಉಳಿದವು ಸಂಘಟಕರ ಆಹ್ವಾನದ ಮೇಲೆ. ಡಬಲ್ಸ್‌ನಿಂದಲೇ ಜೀವನ ಸಾಗಿಸುವವರಲ್ಲಿ ಬಹುಪಾಲಿಗೆ ಬಾಗಿಲು ಮುಚ್ಚಿತು. ಹಿಂದಿನ ವರ್ಷದ ವಿಜೇತರೆಂಬ ಕಾರಣಕ್ಕೆ ಒಳಗೆ ಬಂದ ಸಾರಾ ಎರ್ರಾನಿ ಮತ್ತು ಮೆಲ್ಬರ್ನ್‌ನಲ್ಲಿ ಬೋಪಣ್ಣ ಅವರಿಗೆ ಸೋತಿದ್ದ ಅದೇ ಆಂಡ್ರಿಯಾ ವವಾಸ್ಸೋರಿ, ಅಂತಿಮ ಪಂದ್ಯದಲ್ಲಿ ಸ್ವಿಯಾಟೆಕ್-ರೂಡ್ ಜೋಡಿಯನ್ನು ಸೋಲಿಸಿ ಪ್ರಶಸ್ತಿಯನ್ನು ಉಳಿಸಿಕೊಂಡರು. ಅಂಗಳಕ್ಕೆ ಬರಲಾಗದ ತಮ್ಮ ಸಹೋದ್ಯೋಗಿಗಳ ಪರವಾಗಿಯೂ ಅವರು ಆಡಿದಂತಾಯಿತು.

ಬೋಪಣ್ಣ ಅವರು 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು. ಕೊನೆಯ ಪಂದ್ಯವನ್ನು ಪ್ಯಾರಿಸ್‌ನಲ್ಲಿ, ಸಿಂಗಲ್ಸ್‌ನ ಖ್ಯಾತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಜೊತೆಗಿಟ್ಟುಕೊಂಡು ಆಡಿ, ಹತ್ತು ಅಂಕಗಳ ಟೈಬ್ರೇಕಿನಲ್ಲಿ ಸೋತಿದ್ದರು.